ಒಂದು ಜೋಡಿ ಬಿಳಿ ಇಲಿ ಮನೆಗೆ ತರುವ ಮುಂಚಿನ ಲೆಕ್ಕ

ಇವತ್ತಿನ ವಿಷಯ ಕೇಳಿ ಕೆಲವರಿಗೆ ನಗು ಬರಬಹುದು: ಮನೆಯಲ್ಲಿ ಇಲಿ ಸಾಕೋದು, ಮರಿ ಮಾಡಿಸೋದು. ನಮ್ಮ ಊರಲ್ಲಿ ಇಲಿ ಅಂದ್ರೆ ಬೋನು, ಪಾಷಾಣ, ಇಲ್ಲಾಂದ್ರೆ ಗಣಪತಿ ಪಾದದ ಹತ್ತಿರ ಕೂತಿರೋ ಮೂಷಿಕ. "ದುಡ್ಡು ಕೊಟ್ಟು ಇಲಿ ತರ್ತೀರಾ?" ಅಂತ ನಮ್ಮಮ್ಮ ಈಗಲೂ ಫೋನಲ್ಲಿ ಕೇಳ್ತಾರೆ.

ಆದರೆ ನಮ್ಮಂಥವರ ಮನೆಗಳಿಗೆ ಇಲಿ ಹೇಗೆ ಬರುತ್ತೆ ಅನ್ನೋದು ನಿಮಗೂ ಗೊತ್ತು. ಬಾಡಿಗೆ ಫ್ಲ್ಯಾಟ್, ಓನರ್ ನಾಯಿ ಬೇಡ ಅಂತಾರೆ. ಗಂಡ ಹೆಂಡತಿ ಇಬ್ಬರಿಗೂ ಆಫೀಸು. ಮಗುಗೆ ಏನಾದರೂ ಒಂದು ಜೀವ ಸಾಕಬೇಕು ಅಂತ ಆಸೆ. ಪೆಟ್ ಶಾಪಿಗೆ ಹೋದರೆ ಗಾಜಿನ ಡಬ್ಬದಲ್ಲಿ ಬಿಳಿ ಇಲಿಗಳು ಓಡಾಡ್ತಾ ಇರ್ತವೆ. ಬೆಲೆ ಕಡಿಮೆ. ಅಂಗಡಿಯವರು "ಒಂದೇ ಇದ್ರೆ ಬೇಜಾರಾಗುತ್ತೆ, ಜೋಡಿ ತಗೊಳ್ಳಿ" ಅಂತಾರೆ. ಅಷ್ಟೇ, ಜೋಡಿ ಮನೆಗೆ ಬಂತು.

ನಾನು ಪುಣೆಯಲ್ಲಿ ಸಾಫ್ಟ್‌ವೇರ್ ಇಂಜಿನಿಯರ್, ಪಶುವೈದ್ಯ ಅಲ್ಲ. ಕೆಲವು ವರ್ಷಗಳಿಂದ ಇಲಿ ಸಾಕ್ತಾ ಇದ್ದೀನಿ, ಓದ್ತಾ ಇದ್ದೀನಿ. ಇವತ್ತು ಮುಖ್ಯವಾಗಿ ಹೇಳಬೇಕಾಗಿರೋದು ಒಂದೇ ಮಾತು: ಹುಟ್ಟೋ ಪ್ರತಿಯೊಂದು ಮರಿ ಯಾವ ಮನೆಗೆ ಹೋಗುತ್ತೆ ಅಂತ ಗೊತ್ತಾಗೋ ತನಕ ಗಂಡು ಹೆಣ್ಣನ್ನ ಒಂದೇ ಪೆಟ್ಟಿಗೆಯಲ್ಲಿ ಇಡಬೇಡಿ. ಯಾಕೆ ಅಂತ ಹೇಳ್ತೀನಿ. ಆಮೇಲೆ ಹೇಗೆ ಸಾಕಬೇಕು, ನಿಜವಾಗಲೂ ಮರಿ ಬೇಕು ಅಂದ್ರೆ ಹೇಗೆ ಮಾಡಿಸಬೇಕು ಅಂತಾನೂ ಹೇಳ್ತೀನಿ.

ಮೊದಲು ಲೆಕ್ಕ. ಇಲಿ ಗಬ್ಬ ಕಟ್ಟಿ ಮರಿ ಹಾಕೋಕೆ ಬೇಕಾಗೋದು 19ರಿಂದ 21 ದಿನ. ಒಂದು ಸಲಕ್ಕೆ ಆರು, ಎಂಟು ಮರಿ ಮಾಮೂಲು, ಹತ್ತು ಹನ್ನೆರಡೂ ಆಗಬಹುದು. ಬಹಳ ಜನಕ್ಕೆ ಗೊತ್ತಿಲ್ಲದ ವಿಷಯ ಏನಂದ್ರೆ, ಮರಿ ಹಾಕಿದ ಒಂದು ದಿನದೊಳಗೇ ತಾಯಿ ಇಲಿ ಮತ್ತೆ ಬೆದೆಗೆ ಬರುತ್ತೆ. ಗಂಡು ಅದೇ ಪೆಟ್ಟಿಗೆಯಲ್ಲಿದ್ರೆ, ಮೊದಲ ಮರಿಗಳಿಗೆ ಹಾಲು ಕೊಡ್ತಾ ಕೊಡ್ತಾನೇ ಎರಡನೇ ಸಲ ಗಬ್ಬ ಕಟ್ಟಿರುತ್ತೆ. ಹುಟ್ಟಿದ ಹೆಣ್ಣು ಮರಿಗಳೂ ಐದು, ಆರು ವಾರಕ್ಕೆ ಗಬ್ಬ ಕಟ್ಟೋಕೆ ತಯಾರು. ಎದುರಿಗಿರೋದು ಅಪ್ಪನೋ ಅಣ್ಣನೋ ಅಂತ ಅವು ನೋಡಲ್ಲ.

ಈಗ ಸ್ವಲ್ಪ ಉದಾರವಾಗೇ ಲೆಕ್ಕ ಹಾಕೋಣ. ನಾಲ್ಕು ವಾರಕ್ಕೊಮ್ಮೆ ಆರೇ ಮರಿ, ಮೂರು ಹೆಣ್ಣು ಮೂರು ಗಂಡು ಅಂದುಕೊಳ್ಳಿ. ಹೆಣ್ಣು ಮರಿ ತನ್ನ ಮೊದಲ ಮರಿ ಹಾಕೋದು 12 ವಾರ ತುಂಬಿದ ಮೇಲೆ ಅಂತಿಟ್ಟುಕೊಳ್ಳಿ. ನಿಜದಲ್ಲಿ ಇದಕ್ಕಿಂತ ಬೇಗ ಆಗುತ್ತೆ. ಯಾವುದೂ ಸಾಯಲಿಲ್ಲ, ಯಾರನ್ನೂ ಬೇರೆ ಮಾಡಲಿಲ್ಲ. ಎರಡು ಇಲಿಯಿಂದ ಶುರು. 4ನೇ ವಾರಕ್ಕೆ 8. 8ನೇ ವಾರಕ್ಕೆ 14. 12ನೇ ವಾರಕ್ಕೆ 20. ಇಲ್ಲೀವರೆಗೂ "ಪರವಾಗಿಲ್ಲ, ಇನ್ನೊಂದು ಪೆಟ್ಟಿಗೆ ತಂದರೆ ಆಯ್ತು" ಅನ್ನಿಸುತ್ತೆ. ಆಮೇಲೆ ನೋಡಿ. 16ನೇ ವಾರಕ್ಕೆ 44. 20ನೇ ವಾರಕ್ಕೆ 86. 24ನೇ ವಾರಕ್ಕೆ 146. ಇನ್ನೊಂದು ತಿಂಗಳು ಬಿಟ್ಟರೆ 278.

ಮೊದಲ ಮೂರು ತಿಂಗಳು ಈ ಸಂಖ್ಯೆ ನಮ್ಮನ್ನ ಮೋಸಗೊಳಿಸುತ್ತೆ. ಸರ್ವರ್ ಲಾಗ್ ಡಿಸ್ಕ್ ತುಂಬಿಸೋದನ್ನ ನೋಡಿದವರಿಗೆ ಇದು ಹೊಸದಲ್ಲ. ವ್ಯತ್ಯಾಸ ಏನಂದ್ರೆ, ಹಳೇ ಲಾಗನ್ನ ಡಿಲೀಟ್ ಮಾಡಬಹುದು. ಇಲ್ಲಿರೋದು ಜೀವ.

ನಮ್ಮ ಸೊಸೈಟಿಯಲ್ಲೇ ಆದದ್ದು ಹೇಳ್ತೀನಿ. ದಾವಣಗೆರೆ ಕಡೆಯವರು, ಒಂಬತ್ತು ವರ್ಷದ ಮಗಳು. ಹುಟ್ಟುಹಬ್ಬಕ್ಕೆ ಜೋಡಿ ಇಲಿ ತಂದರು. ನಾಲ್ಕನೇ ತಿಂಗಳಿಗೆ ಮೇಲಿನ ಮನೆಯವರಿಂದ ವಾಸನೆಯ ದೂರು, ಓನರ್‌ನಿಂದ ಫೋನು. ಆತ ನನ್ನ ಹತ್ತಿರ ಬಂದು ಕೇಳಿದ್ದು, "ಗುರೂ, ಹಿಂದೆ ಖಾಲಿ ಸೈಟ್ ಇದೆಯಲ್ಲ, ಅಲ್ಲಿ ಬಿಟ್ಟುಬಿಡ್ಲಾ?" ಬೇಡ ಅಂದೆ. ತಲೆತಲಾಂತರದಿಂದ ಡಬ್ಬದಲ್ಲೇ ಬೆಳೆದ ಬಿಳಿ ಇಲಿಗೆ ಅಡಗೋದು ಗೊತ್ತಿಲ್ಲ, ಅದರ ಬಣ್ಣವೇ ಅದಕ್ಕೆ ಶತ್ರು. ಬೆಕ್ಕು, ಹದ್ದು, ಕಾಗೆಗೆ ಕೊಟ್ಟ ಹಾಗೆ. ಒಂದು ಭಾನುವಾರ ಕೂತು ಗಂಡು ಹೆಣ್ಣು ಬೇರೆ ಮಾಡಿದ್ವಿ. ಒಟ್ಟು 41. ಒಂದು ತಿಂಗಳು ಗೊತ್ತಿರೋ ವಾಟ್ಸಾಪ್ ಗ್ರೂಪಿಗೆಲ್ಲಾ ಹಾಕಿದ್ವಿ. ಹೆಣ್ಣುಗಳಿಗೆ ಕೆಲವು ಮನೆ ಸಿಕ್ತು. ಗಂಡುಗಳನ್ನ ಯಾರೂ ಕೇಳಲಿಲ್ಲ. ಕೊನೆಗೆ ಉಳಿದವನ್ನ ಒಬ್ಬ ಅಂಗಡಿಯವನು ಪುಕ್ಕಟೆ ತಗೊಂಡ. ಪುಕ್ಕಟೆ ತಗೊಂಡ ಇಲಿ ಎಲ್ಲಿಗೆ ಹೋಗುತ್ತೆ ಅಂತ ದೊಡ್ಡವರಿಗೆ ಗೊತ್ತು. ವಿದೇಶಿ ಹಾವು ಸಾಕೋರಿಗೆ ಅದು ಆಹಾರ. ಆ ಹುಡುಗಿ "ಅಂಕಲ್, ಚಿಂಟು ಎಲ್ಲಿಗೆ ಹೋದ?" ಅಂತ ಕೇಳಿದಳು. ಅವರಪ್ಪ ನನ್ನ ಮುಖ ನೋಡಿದರು, ನಾನು ಅವರ ಮುಖ ನೋಡಿದೆ.

ಬೆಕ್ಕಿಗೆ ಚೆಲ್ಲಾಟ, ಇಲಿಗೆ ಪ್ರಾಣಸಂಕಟ ಅಂತಾರಲ್ಲ, ಇಲ್ಲಿ ಬೆಕ್ಕಿನ ಜಾಗದಲ್ಲಿ ನಾವಿದ್ದೀವಿ.

ಹಾಗಂತ ಮನೆಯಲ್ಲಿ ಇಲಿ ಸಾಕೋದೇ ತಪ್ಪು ಅಂತ ನಾನು ಹೇಳ್ತಿಲ್ಲ. ಅದಕ್ಕೆ ದೊಡ್ಡ ಇತಿಹಾಸವೇ ಇದೆ. ಜಪಾನಿನ ಕ್ಯೋಟೋದಲ್ಲಿ 1787ರಲ್ಲೇ ಬಣ್ಣಬಣ್ಣದ ಇಲಿ ಸಾಕೋದು ಹೇಗೆ ಅಂತ ಪುಸ್ತಕ ಅಚ್ಚಾಗಿತ್ತು. ಇಂಗ್ಲೆಂಡಿನಲ್ಲಿ 1895ರಲ್ಲಿ ಇಲಿ ಸಾಕುವವರ ರಾಷ್ಟ್ರೀಯ ಕ್ಲಬ್ ಶುರುವಾಯ್ತು. ನನಗೆ ಬಹಳ ಇಷ್ಟವಾದ ಕತೆ ಅಮೆರಿಕದ ಎಬಿ ಲ್ಯಾಥ್ರಾಪ್ ಅವರದ್ದು. ಮ್ಯಾಸಚೂಸೆಟ್ಸ್‌ನ ಗ್ರಾನ್‌ಬಿ ಅನ್ನೋ ಊರಲ್ಲಿದ್ದವರು, ಹಿಂದೆ ಶಾಲೆ ಟೀಚರ್. ಕೋಳಿ ಸಾಕಣೆ ಕೈ ಹಿಡಿಯಲಿಲ್ಲ. 1900ರ ಸುಮಾರಿಗೆ ಒಂದು ಜೋಡಿ ಇಲಿಯಿಂದ ಶುರು ಮಾಡಿ, ಸಾಕುವವರಿಗೆ ಮಾರೋಕೆ ಶುರು ಮಾಡಿದರು. ಆಮೇಲೆ ಅವರ ಹತ್ತಿರ ಹತ್ತು ಸಾವಿರಕ್ಕೂ ಹೆಚ್ಚು ಇಲಿಗಳಿದ್ವು. ಹಾರ್ವರ್ಡ್‌ನ ವಿಜ್ಞಾನಿಗಳು ಅವರ ಹತ್ತಿರ ಕೊಳ್ತಿದ್ರು.

ಆಕೆ ಬರೀ ಮಾರಲಿಲ್ಲ. ಯಾವ ಇಲಿ ಯಾವುದರ ಮಗು ಅಂತ ನೋಟ್‌ಬುಕ್ಕಲ್ಲಿ ಬರೆದಿಟ್ಟರು. ಕೆಲವು ಇಲಿಗಳ ಮೈಮೇಲೆ ಗಡ್ಡೆ ಕಂಡಾಗ ಸುಮ್ಮನೆ ಎಸೆಯದೆ ವಿಜ್ಞಾನಿಗಳಿಗೆ ಕಳಿಸಿದರು. ಲಿಯೋ ಲೋಬ್ ಅನ್ನೋ ರೋಗಶಾಸ್ತ್ರಜ್ಞರು ಅದು ಕ್ಯಾನ್ಸರ್ ಅಂತ ಹೇಳಿದರು. ಇಬ್ಬರೂ ಸೇರಿ ವಂಶ, ಗರ್ಭಧಾರಣೆ ಮತ್ತು ಸ್ತನದ ಗಡ್ಡೆ ಇವುಗಳ ಸಂಬಂಧದ ಬಗ್ಗೆ ಪೇಪರ್‌ಗಳನ್ನ ಬರೆದರು. 1918ರಲ್ಲಿ ಆಕೆ ತೀರಿಕೊಂಡರು. ಅವರ ಇಲಿಗಳಿಂದ ಕ್ಲಾರೆನ್ಸ್ ಕುಕ್ ಲಿಟಲ್ 1921ರಲ್ಲಿ ಬೆಳೆಸಿದ ಕಪ್ಪು ಇಲಿಯ ತಳಿ ಇವತ್ತು ಜಗತ್ತಿನ ಲ್ಯಾಬ್‌ಗಳಲ್ಲಿ ಅತಿ ಹೆಚ್ಚು ಬಳಕೆಯಲ್ಲಿರೋ ಸಿ57 ಬ್ಲ್ಯಾಕ್. ಹೆಸರಲ್ಲಿರೋ 57, ಆಕೆಯ ಹತ್ತಿರದಿಂದ ಬಂದ 57ನೇ ನಂಬರಿನ ಹೆಣ್ಣಿಲಿಯ ನೆನಪು. 2002ರಲ್ಲಿ ಇಲಿಯ ಜೀನೋಮ್ ಪ್ರಕಟವಾದಾಗ ಓದಿದ್ದು ಇದೇ ತಳಿಯ ಇಲಿಯದ್ದು.

ಶುರು ಎರಡೇ ಇಲಿಯಿಂದ. ಪ್ರತಿ ಇಲಿಗೂ ಒಂದು ದಾಖಲೆ ಇತ್ತು, ಅದಕ್ಕೇ ಅದು ವಿಜ್ಞಾನ ಆಯ್ತು. ಅಂದಹಾಗೆ, ಇವತ್ತು ನಮ್ಮ ದೇಶದಲ್ಲಿ ಪ್ರಯೋಗಕ್ಕೆ ಅಂತ ಇಲಿ ಮರಿ ಮಾಡಿಸಬೇಕಾದರೆ ಸರ್ಕಾರದ ಸಮಿತಿಯಲ್ಲಿ ನೋಂದಣಿ ಬೇಕು. ಮಗುವಿನ ಸೈನ್ಸ್ ಪ್ರಾಜೆಕ್ಟ್ ಅಂತ ಮನೆಯಲ್ಲಿ ಏನೇನೋ ಪ್ರಯೋಗ ಮಾಡೋ ಹಾಗಿಲ್ಲ.

ಸರಿ, ಈಗ ಮನೆ ಕಟ್ಟೋಣ. ನನ್ನ ಸಲಹೆ: ಎರಡು ಅಥವಾ ಮೂರು ಹೆಣ್ಣಿಲಿ ತನ್ನಿ. ಹೆಣ್ಣುಗಳು ಒಟ್ಟಿಗೆ ಚೆನ್ನಾಗಿರ್ತವೆ, ಒಂದರ ಮೇಲೊಂದು ಮಲಗ್ತವೆ. ದೊಡ್ಡ ಗಂಡುಗಳನ್ನ ಒಟ್ಟಿಗೆ ಇಟ್ಟರೆ ಕಚ್ಚಾಡ್ತವೆ, ಬಾಲ, ಬೆನ್ನು ಗಾಯ ಆಗುತ್ತೆ. ಗಂಡಿಲಿಯ ಮೂತ್ರದ ವಾಸನೆಯೂ ಜಾಸ್ತಿ, ಯಾಕಂದ್ರೆ ಅದು ಅದರ ವಿಸಿಟಿಂಗ್ ಕಾರ್ಡ್. ಆ ಮೂತ್ರದಲ್ಲಿ ಹೆಣ್ಣನ್ನ ಸೆಳೆಯೋ ಒಂದು ಪ್ರೋಟೀನಿಗೆ ಲಿವರ್‌ಪೂಲ್‌ನ ಸಂಶೋಧಕರು 2010ರಲ್ಲಿ ಡಾರ್ಸಿನ್ ಅಂತ ಹೆಸರಿಟ್ಟರು, ಜೇನ್ ಆಸ್ಟೆನ್ ಕಾದಂಬರಿಯ ನಾಯಕ ಡಾರ್ಸಿಯ ನೆನಪಲ್ಲಿ. ಹೆಣ್ಣಿಲಿಗೆ ಅದು ಪರಿಮಳ. ನಮ್ಮ ಒಂದು ಬೆಡ್‌ರೂಮ್ ಫ್ಲ್ಯಾಟಿಗೆ ಅಲ್ಲ.

ತರುವಾಗ ಗಂಡೋ ಹೆಣ್ಣೋ ನೀವೇ ನೋಡಿ, ಅಂಗಡಿಯವರ ಮಾತು ನಂಬಬೇಡಿ. ಬಾಲದ ಬುಡದಲ್ಲಿ ಮೂತ್ರದ್ವಾರಕ್ಕೂ ಗುದದ್ವಾರಕ್ಕೂ ನಡುವಿನ ಅಂತರ ಹೆಣ್ಣಿನಲ್ಲಿ ಕಡಿಮೆ, ಗಂಡಿನಲ್ಲಿ ಹೆಚ್ಚುಕಡಿಮೆ ಎರಡರಷ್ಟು. ಎರಡನ್ನ ಪಕ್ಕಪಕ್ಕ ಹಿಡಿದರೆ ಗೊತ್ತಾಗುತ್ತೆ. ಹೆಣ್ಣು ಅಂಗಡಿಯಲ್ಲೇ ಗಬ್ಬ ಕಟ್ಟಿರಬಹುದು. ಹಾಗಾಗಿ ಮೊದಲ ಮೂರು ವಾರ ಹೊಟ್ಟೆ ಮೇಲೆ ಕಣ್ಣಿಡಿ.

ಪೆಟ್ಟಿಗೆ ಕನಿಷ್ಠ ಎರಡು ಅಡಿ ಉದ್ದ, ಒಂದು ಅಡಿ ಅಗಲ ಇರಲಿ. ಹಳೇ ಮೀನಿನ ತೊಟ್ಟಿ ಆಗುತ್ತೆ, ಮೇಲೆ ತಂತಿ ಜಾಲರಿ. ದೊಡ್ಡ ಪ್ಲಾಸ್ಟಿಕ್ ಸ್ಟೋರೇಜ್ ಡಬ್ಬದ ಮುಚ್ಚಳ ಕತ್ತರಿಸಿ ಜಾಲರಿ ಕೂರಿಸಿದರೂ ಆಗುತ್ತೆ. ಜಾಲರಿಯ ಕಣ್ಣು 6 ಮಿಲಿಮೀಟರ್ ಮೀರಬಾರದು. ಪೆನ್ಸಿಲ್ ತೂರೋ ಸಂದಿಯಲ್ಲಿ ಮರಿ ಇಲಿ ತೂರುತ್ತೆ. ಗಾಳಿ ಆಡಲೇಬೇಕು. ಮೂತ್ರದಿಂದ ಏಳೋ ಅಮೋನಿಯಾ ಅವುಗಳ ಶ್ವಾಸಕೋಶವನ್ನ ಹಾಳು ಮಾಡುತ್ತೆ. ನಿಮ್ಮ ಮೂಗಿಗೆ ವಾಸನೆ ಬರೋ ಹೊತ್ತಿಗೆ ಅವಕ್ಕೆ ಆಗಲೇ ಕಷ್ಟ ಆಗಿರುತ್ತೆ.

ಕೆಳಗೆ ಮೂರು ನಾಲ್ಕು ಇಂಚು ದಪ್ಪ ಹಾಸು ಹಾಕಿ. ಕತ್ತರಿಸಿದ ಕಾಗದ ಒಳ್ಳೇದು. ದೇವದಾರು, ಪೈನ್ ಮರದ ಹೊಟ್ಟು ಬೇಡ, ಅದರ ಘಾಟು ಶ್ವಾಸಕ್ಕೂ ಯಕೃತ್ತಿಗೂ ಒಳ್ಳೇದಲ್ಲ. ಗೂಡು ಕಟ್ಟೋಕೆ ಬಣ್ಣ, ವಾಸನೆ ಇಲ್ಲದ ಟಿಶ್ಯೂ ಪೇಪರ್ ಕೊಡಿ. ಗೂಡು ಇಲಿಗೆ ಅಲಂಕಾರ ಅಲ್ಲ, ಹೊದಿಕೆ. ಇಲಿಗೆ ಮೈ ಬೆಚ್ಚಗಿಡೋಕೆ ಶಕ್ತಿ ಖರ್ಚಾಗದ ತಾಪಮಾನ ಸುಮಾರು 30 ಡಿಗ್ರಿ. ನೀವು 20ಕ್ಕೆ ಎಸಿ ಹಾಕಿ ಮಲಗಿದರೆ ಅವಕ್ಕೆ ಚಳಿ, ಗೂಡಿದ್ರೆ ನಿಭಾಯಿಸ್ತವೆ. ದೆಹಲಿಯ ಜನವರಿಯಲ್ಲಂತೂ ಟಿಶ್ಯೂ ಧಾರಾಳವಾಗಿ ಕೊಡಿ. ಆದರೆ ಚೆನ್ನೈ, ಹೈದರಾಬಾದಿನ ಮೇ ತಿಂಗಳ ಬಾಲ್ಕನಿ ಅವಕ್ಕೆ ಸಾವು. ಇಲಿ ನಮ್ಮ ಹಾಗೆ ಬೆವರಲ್ಲ. ಪೆಟ್ಟಿಗೆ ಮನೆಯೊಳಗೆ, ನೆರಳಲ್ಲಿ, ಎಸಿಯ ನೇರ ಗಾಳಿ ತಗುಲದ ಕಡೆ ಇರಲಿ. ಕೆಂಪು ಕಣ್ಣಿನ ಬಿಳಿ ಇಲಿಗೆ ಪ್ರಖರ ಬೆಳಕು ಕಣ್ಣು ಕೆಡಿಸುತ್ತೆ, ಅಡಗೋಕೆ ಒಂದು ಕತ್ತಲೆ ಮೂಲೆ ಬೇಕು.

ಇಲಿಗಳು ನಮಗೆ ಕೇಳದ ಶಬ್ದದಲ್ಲಿ ಮಾತಾಡ್ತವೆ. ಗೂಡಿನಿಂದ ಹೊರಗೆ ಬಿದ್ದ ಮರಿ ಚಳಿಯಾದಾಗ ಅಲ್ಟ್ರಾಸಾನಿಕ್ ಸ್ವರದಲ್ಲಿ ತಾಯಿಯನ್ನ ಕರೆಯುತ್ತೆ. ಆದ್ದರಿಂದ ಪ್ಲಗ್ಗಿಗೆ ಹಾಕೋ ಇಲಿ ಓಡಿಸೋ ಯಂತ್ರ ಇರೋ ಕೋಣೆಯಲ್ಲಿ ಇವನ್ನ ಇಡಬೇಡಿ.

ಊಟ: ದಿನಕ್ಕೆ ಒಂದು ಇಲಿಗೆ 3ರಿಂದ 5 ಗ್ರಾಂ ಸಾಕು. ಸಿಕ್ಕರೆ ಇಲಿಗೆ ಅಂತಾನೇ ಮಾಡಿದ ಪೆಲೆಟ್ ಮುಖ್ಯ ಆಹಾರ ಆಗಲಿ. ಜೊತೆಗೆ ಓಟ್ಸ್, ರಾಗಿ, ನವಣೆ, ಸಜ್ಜೆ, ಸ್ವಲ್ಪ ಸೊಪ್ಪು, ಸೌತೆಕಾಯಿ. ಚೌಚೌ, ಖಾರ ಮಂಡಕ್ಕಿ, ಚಾಕೊಲೇಟ್ ಬೇಡ. ಇಲಿಗೆ ವಾಂತಿ ಮಾಡೋಕೆ ಬರಲ್ಲ, ಒಳಗೆ ಹೋದ ವಿಷ ಹೊರಗೆ ಬರಲ್ಲ. ಹಲ್ಲು ಜೀವನಪೂರ್ತಿ ಬೆಳೀತಾ ಇರುತ್ತೆ, ಕಡಿಯೋಕೆ ಮರದ ತುಂಡು ಇಡಿ. ಓಡೋಕೆ ಚಕ್ರ ಬೇಕು, ಸುಮಾರು 8 ಇಂಚಿನದು, ತಂತಿ ಸಂದಿ ಇಲ್ಲದ ಗಟ್ಟಿ ಚಕ್ರ. ಇಲ್ಲಾಂದ್ರೆ ಕಾಲು ಬಾಲ ಸಿಕ್ಕಿಹಾಕಿಕೊಳ್ಳುತ್ತೆ.

ಬಾಲ ಹಿಡಿದು ಎತ್ತಬೇಡಿ. ಬಾಲ ಹಿಡಿದು ಎತ್ತಿದ ಇಲಿಗಳು ಮನುಷ್ಯರಿಗೆ ಹೆದರ್ತವೆ, ಕೊಳವೆಯಲ್ಲೋ ಬೊಗಸೆಯಲ್ಲೋ ಎತ್ತಿದವು ಹತ್ತಿರ ಬರ್ತವೆ ಅಂತ 2010ರಲ್ಲೇ ಪ್ರಯೋಗದಲ್ಲಿ ತೋರಿಸಿದ್ದಾರೆ. ಟಾಯ್ಲೆಟ್ ರೋಲಿನ ರಟ್ಟಿನ ಕೊಳವೆ ಇದಕ್ಕೆ ಸಾಕು. ಶುಚಿ ಮಾಡುವಾಗ ಒಣಗಿರೋ ಹಳೇ ಗೂಡಿನ ಸ್ವಲ್ಪ ಭಾಗವನ್ನ ಹಾಗೇ ಉಳಿಸಿ. ತಮ್ಮ ವಾಸನೆ ಪೂರ್ತಿ ಹೋದರೆ ಅವಕ್ಕೆ ಗಾಬರಿ.

ಆರೋಗ್ಯದ ಎರಡು ಮಾತು. ಇಲಿ ಮುಟ್ಟಿದ ಮೇಲೆ ಸೋಪಲ್ಲಿ ಕೈ ತೊಳೀರಿ, ಪೆಟ್ಟಿಗೆ ಅಡುಗೆಮನೆಯಲ್ಲಿ ಬೇಡ. ಮನೆಯಲ್ಲಿ ಗರ್ಭಿಣಿ ಇದ್ದರೆ ಇಲಿ ತರೋದನ್ನ ಮುಂದಕ್ಕೆ ಹಾಕಿ. ಇಲಿಯಿಂದ ಹರಡೋ ಎಲ್‌ಸಿಎಮ್ ಅನ್ನೋ ವೈರಸ್ ಹೊಟ್ಟೆಯಲ್ಲಿರೋ ಮಗುಗೆ ಅಪಾಯ. ಅಸ್ತಮಾ ಇರೋರಿಗೆ ಇಲಿ ಮೂತ್ರದ ಪ್ರೋಟೀನ್ ಅಲರ್ಜಿ ತರಬಹುದು. ಚರಂಡಿಯ ಕಾಡು ಇಲಿ ಸಾಕಿದ ಇಲಿಯ ಹತ್ತಿರ ಬರದ ಹಾಗೆ ನೋಡಿಕೊಳ್ಳಿ.

ಈಗ ಮರಿಯ ವಿಷಯ. ಇಷ್ಟೆಲ್ಲಾ ಕೇಳಿಯೂ "ಒಂದೇ ಒಂದು ಸಲ ಮರಿ ನೋಡಬೇಕು" ಅನ್ನೋರಿಗೆ ಇದು. ಮೊದಲು ಹನ್ನೆರಡು ಮರಿಗೆ ಮನೆ ಹುಡುಕಿ. ಹೆಸರು ಬರೆದಿಡಿ. "ಯಾರಾದ್ರೂ ತಗೋತಾರೆ" ಅನ್ನೋದು ಹೆಸರಲ್ಲ. ಹನ್ನೆರಡರಲ್ಲಿ ಆರು ಗಂಡಾಗಬಹುದು, ಗಂಡನ್ನ ಒಂಟಿಯಾಗಿ ಸಾಕೋಕೆ ಒಪ್ಪೋರು ಬೇಕು. ನಿಮ್ಮ ಗಂಡಿಲಿಯೂ ಆಮೇಲೆ ಒಂಟಿಯಾಗೇ ಬದುಕಬೇಕು. ಇಲಿಯ ಆಯಸ್ಸು ಸುಮಾರು ಎರಡು ವರ್ಷ. ಒಂದು ಸಲದ ಮರಿಗೆ ಅದು ಕೊಡೋ ಬೆಲೆ ಅಷ್ಟು.

ಬಣ್ಣದ ಆಸೆಯಿಂದ ಜೋಡಿ ಮಾಡುವವರು ಸ್ವಲ್ಪ ಜೆನೆಟಿಕ್ಸ್ ಓದಿಕೊಳ್ಳಿ. ಎರಡು ಕೆಂಪು ಕಣ್ಣಿನ ಬಿಳಿ ಇಲಿಯಿಂದ ಬಿಳಿ ಮರಿಯೇ ಬರೋದು. ಫ್ರಾನ್ಸಿನ ಲ್ಯೂಸಿಯಾಂ ಕೇನೊ ಎರಡು ಹಳದಿ ಇಲಿಗಳನ್ನ ಕೂಡಿಸಿದಾಗ ಮೆಂಡಲ್ ಹೇಳಿದ ಮೂರಕ್ಕೆ ಒಂದು ಬರಲಿಲ್ಲ, ಎರಡಕ್ಕೆ ಒಂದು ಬಂತು. ಅಪ್ಪ ಅಮ್ಮ ಇಬ್ಬರಿಂದಲೂ ಹಳದಿ ಜೀನ್ ಪಡೆದ ಮರಿ ತಾಯಿ ಹೊಟ್ಟೆಯಲ್ಲೇ ಸಾಯ್ತಿತ್ತು. ಒಂದು ಜೀನ್ ಇರೋ ಹಳದಿ ಇಲಿಗಳೂ ವಿಪರೀತ ದಪ್ಪ ಆಗ್ತವೆ. ಗಿರಗಿರ ಸುತ್ತೋ ಜಪಾನಿನ ಕುಣಿಯೋ ಇಲಿಗಳೂ ಹಾಗೇ. ಕುಣಿತ ಅಂತ ಜನ ದುಡ್ಡು ಕೊಟ್ಟು ಕೊಂಡಿದ್ದು ಅವುಗಳ ಒಳಕಿವಿಯ ದೋಷವನ್ನ.

ಹೆಣ್ಣಿಗೆ ಎಂಟರಿಂದ ಹನ್ನೆರಡು ವಾರ ಆಗಿರಲಿ, ಗಂಡು ಬೇರೆ ಮನೆತನದ್ದಾಗಿರಲಿ. ಹೆಣ್ಣಿಗೆ ನಾಲ್ಕೈದು ದಿನಕ್ಕೊಮ್ಮೆ ಬೆದೆ, ಹಾಗಾಗಿ ಹತ್ತು ದಿನ ಒಟ್ಟಿಗಿದ್ದರೆ ಸಾಕು. ಆಮೇಲೆ ಗಂಡನ್ನ ಬೇರೆ ಮಾಡಿ. ಇಡೀ ಲೆಕ್ಕದಲ್ಲಿ ಇದೇ ಮುಖ್ಯ ಹೆಜ್ಜೆ. ಮರಿ ಹಾಕೋ ದಿನ ಗಂಡು ಅಲ್ಲಿ ಇರಬಾರದು. ಬೇರೆ ಅಪರಿಚಿತ ಗಂಡನ್ನ ಹತ್ತಿರ ತರಲೂ ಬೇಡಿ. ಹೊಸದಾಗಿ ಕೂಡಿದ ಹೆಣ್ಣಿಗೆ ಅಪರಿಚಿತ ಗಂಡಿನ ವಾಸನೆ ಬಿದ್ದರೆ ಗರ್ಭ ನಿಲ್ಲದೆ ಹೋಗಬಹುದು ಅಂತ ಹಿಲ್ಡಾ ಬ್ರೂಸ್ 1959ರಲ್ಲೇ ಕಂಡುಹಿಡಿದರು.

ಮರಿ ಹುಟ್ಟಿದಾಗ ಒಂದು ಗ್ರಾಮಿಗಿಂತ ಸ್ವಲ್ಪ ಹೆಚ್ಚು ತೂಕ, ಗುಲಾಬಿ ಬಣ್ಣ, ಕೂದಲಿಲ್ಲ, ಕಣ್ಣು ಮುಚ್ಚಿರುತ್ತೆ. ತೆಳು ಚರ್ಮದ ಒಳಗೆ ಹೊಟ್ಟೆಯಲ್ಲಿ ಬಿಳಿ ಹಾಲು ಕಾಣುತ್ತೆ. ಕಂಡರೆ ಕುಡೀತಿದೆ ಅಂತ ಅರ್ಥ. ಮೊದಲ ಕೆಲವು ದಿನ ಗೂಡು ಕೆದಕಬೇಡಿ, ಗಾಬರಿಯಾದ ತಾಯಿ ಮರಿಯನ್ನೇ ತಿನ್ನಬಹುದು. ತಾಯಿಗೆ ಆಹಾರ, ನೀರು ಧಾರಾಳವಾಗಿರಲಿ. ವಾರ ಹತ್ತು ದಿನಕ್ಕೆ ಮೈಮೇಲೆ ಕೂದಲು ಬರುತ್ತೆ. ಒಂಬತ್ತು ಹತ್ತನೇ ದಿನ ಹೆಣ್ಣು ಮರಿಯ ಹೊಟ್ಟೆ ಮೇಲೆ ಮೊಲೆತೊಟ್ಟಿನ ಚುಕ್ಕೆಗಳು ಕಾಣ್ತವೆ, ಗಂಡಿನಲ್ಲಿ ಕಾಣಲ್ಲ. ಗುರುತು ಹಾಕಿಕೊಳ್ಳೋಕೆ ಅದೇ ಒಳ್ಳೇ ಸಮಯ. ಹದಿಮೂರು ಹದಿನಾಲ್ಕನೇ ದಿನಕ್ಕೆ ಕಣ್ಣು ಬಿಡ್ತವೆ. ಮೂರು ವಾರಕ್ಕೆ ಹಾಲು ಬಿಡ್ತವೆ. ನಾಲ್ಕು ವಾರ ತುಂಬುವ ಮುಂಚೆ ಗಂಡು ಮರಿಗಳು ತಾಯಿ ಮತ್ತು ಅಕ್ಕತಂಗಿಯರಿಂದ ಬೇರೆ ಪೆಟ್ಟಿಗೆಗೆ ಹೋಗಲೇಬೇಕು. ಆ ತಾರೀಖಿಗೆ ಮೊಬೈಲಲ್ಲಿ ಅಲಾರಂ ಇಡಿ. ರಿಲೀಸ್ ಇದೆ, ಆನ್‌ಕಾಲ್ ಇದೆ ಅಂತ ಇಲಿ ಕಾಯಲ್ಲ.

ಒಂದು ಸ್ಪ್ರೆಡ್‌ಶೀಟ್ ಮಾಡಿ. ಹುಟ್ಟಿದ ದಿನ, ಅಪ್ಪ, ಅಮ್ಮ, ಗಂಡೋ ಹೆಣ್ಣೋ, ತೂಕ, ಯಾರ ಮನೆಗೆ ಹೋಯ್ತು. ಕೊನೆಯ ಕಾಲಂ ಒಂದು ಸಾಲಿನಲ್ಲಿ ಖಾಲಿ ಇದ್ದರೂ ಮುಂದಿನ ಜೋಡಿ ಬೇಡ. ಇಲಿಯನ್ನ ನೋಡೋ ವೆಟ್ ನಿಮ್ಮ ಊರಲ್ಲಿ ಯಾರಿದ್ದಾರೆ ಅಂತ ಇಲಿ ತರೋ ಮುಂಚೆ ವಿಚಾರಿಸಿ, ಎಲ್ಲ ಕ್ಲಿನಿಕ್‌ನವರೂ ನೋಡಲ್ಲ. ಯುಗಾದಿಗೋ ದೀಪಾವಳಿಗೋ ಊರಿಗೆ ಹೋದಾಗ ಯಾರು ನೋಡಿಕೊಳ್ತಾರೆ ಅನ್ನೋದನ್ನೂ ಈಗಲೇ ಮಾತಾಡಿಕೊಳ್ಳಿ. ಎರಡು ಹೆಣ್ಣಿಲಿಯ ಒಂದು ಪೆಟ್ಟಿಗೆಯನ್ನ ಪಕ್ಕದ ಮನೆಯವರು ವಾರ ನೋಡಿಕೊಂಡಾರು. ನಲವತ್ತು ಇಲಿಯನ್ನ ಯಾರ ಹತ್ತಿರ ಬಿಡ್ತೀರಿ?

ಮಗುಗೆ ಜೀವದ ಬಗ್ಗೆ ಪ್ರೀತಿ ಕಲಿಸಬೇಕು ಅಂತ ತಾನೇ ನಾವು ಇಲಿ ತರೋದು. ಹಾಗಿದ್ರೆ ಅಂಗಡಿಗೆ ಹೋಗೋ ಮುಂಚೆ ಮಗುವಿನ ಜೊತೆ ಕೂತು 8, 14, 20, 44, 86, 146 ಅಂತ ಈ ಲೆಕ್ಕ ಬರೀರಿ. ಪ್ರತಿ ಸಂಖ್ಯೆಯ ಮುಂದೆ "ಇವೆಲ್ಲಾ ಎಲ್ಲಿ ಇರ್ತವೆ?" ಅಂತ ಕೇಳಿ. ಬಹಳ ಮಕ್ಕಳು "ಹಾಗಾದ್ರೆ ಎರಡು ಹೆಣ್ಣೇ ಸಾಕಪ್ಪ" ಅಂತ ತಾವೇ ಹೇಳ್ತಾರೆ.

ಈಗಾಗಲೇ ಮನೆಯಲ್ಲಿ ಜೋಡಿ ಇದ್ದು ಏನು ಮಾಡಬೇಕು ಗೊತ್ತಾಗದೆ ಇರೋರು ಇದ್ದರೆ, ಇವತ್ತು ರಾತ್ರಿಯೇ ಒಂದು ಖಾಲಿ ಡಬ್ಬ ಹುಡುಕಿ, ಗಾಳಿಗೆ ತೂತು ಮಾಡಿ, ಹಾಸು, ನೀರು, ಕಾಳು ಇಟ್ಟು ಗಂಡನ್ನ ಬೇರೆ ಮಾಡಿ. ಉಳಿದಿದ್ದನ್ನ ನಾಳೆ ಯೋಚನೆ ಮಾಡಬಹುದು.